ಗುಬ್ಬಿಗೆ ಗೂಬೆಯ ಮೇಲೆ ಹೊಟ್ಟೆಕಿಚ್ಚು

ಇದು ನಿಜವಾಗಿ ನಡೆದ ಕಥೆ. ನಂಬಿಕೆ ಬರದಿದ್ದರೆ ಗೂಬೆಯನ್ನೇ ಕೇಳಿ. ಆದರೆ ಅದು ಬಾಯಿ ಬಿಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ!

ಬೇರೆಯವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ತನ್ನನ್ನು ನೋಡಿ ತಾನೇ ಉರಿದುಕೊಂಡವಳನ್ನು ಕಂಡಿದ್ದೀರಾ? ಇಲ್ಲ ತಾನೇ? ಹಾಗಾದರೆ ಬನ್ನಿ, ಶಾಲೆಯ ಮೈದಾನಕ್ಕೆ ಹೋಗೋಣ. ಶನಿವಾರ, ಮಧ್ಯಾಹ್ನ ಮೂರು ಗಂಟೆ. ಈ ವರ್ಷದ ಮೊದಲ ಫುಟ್‌ಬಾಲ್ ಪಂದ್ಯ...

"ಅಯ್ಯಯ್ಯೋ! ಗೂಬೆ ಬಿತ್ತು!"

ಮೆಟ್ಟಿಲುಗಳ ಮೇಲೆ ಕೂತಿದ್ದ ಇಡೀ ಶಾಲೆ ಎದ್ದು ನಿಂತಿತು.

ಬಿದ್ದದ್ದು ನೆಲಕ್ಕಲ್ಲ, ಬ್ಯಾಂಡಿನವರ ದೊಡ್ಡ ಡ್ರಮ್ಮಿನ ಮೇಲೆ. 'ಢಂ' ಎಂದ ಆ ಸದ್ದಿಗೆ ಎದುರು ತಂಡದ ಗೋಲ್‌ಕೀಪರ್ ಬೆಚ್ಚಿ ಚೆಂಡನ್ನು ಕೈಬಿಟ್ಟ. ನಮಗೊಂದು ಗೋಲು ಸಿಕ್ಕಿತು!

ಜನ ಕುಣಿದರು, ಕೂಗಿದರು. ಗೂಬೆಯನ್ನು ಯಾರೂ ಕೇಳಲಿಲ್ಲ. ಅದು ಅಂಗಾತ ಬಿದ್ದು ಎರಡೂ ರೆಕ್ಕೆ ಬಡಿಯುತ್ತಿತ್ತು. ಆ ವೇಷದೊಳಗೆ ಕತ್ತಲು, ಸೆಕೆ, ಹಳೆಯ ಪರದೆಯ ಧೂಳಿನ ವಾಸನೆ.

ಆಗ ಎರಡು ಕೈಗಳು ಗೂಬೆಯನ್ನು ಮೆಲ್ಲಗೆ ಎತ್ತಿ ಕೂರಿಸಿದವು.

"ನೋವಾಯ್ತಾ?"

ಕೊಕ್ಕಿನ ಜಾಲರಿಯಾಚೆ ಒಂದು ಮುಖ... ತೀರಾ ಹತ್ತಿರ. ಹಣೆಯ ಮೇಲೆ ಬೆವರು, ಕಣ್ಣಲ್ಲಿ ಗಾಬರಿ.

ಆ ಮುಖ ವೇಷದೊಳಗಿದ್ದವಳಿಗೆ ಹೊಸದಲ್ಲ. ತರಗತಿಯಲ್ಲಿ ಅವಳ ಹಿಂದಿನ ಬೆಂಚಿನದೇ. ಆದರೆ ಆ ದನಿ...!

'ಈ ಪ್ರಾಣಿಗೆ ಇಷ್ಟು ಮೆತ್ತಗೆ ಮಾತಾಡೋಕೂ ಬರುತ್ತಾ?'

"ಲೇಸ್ ಬಿಚ್ಚಿದೆ ನೋಡು, ಅದಕ್ಕೇ ಎಡವಿದ್ದು. ನಿನ್ನ ಈ ಹೊಟ್ಟೆ ಇಟ್ಕೊಂಡು ಬಗ್ಗೋಕೆ ಎಲ್ಲಾಗುತ್ತೆ, ಪಾಪ... ಇರು, ನಾನೇ ಕಟ್ತೀನಿ."

ಅವನು ಮಂಡಿಯೂರಿ ಕೂತ. ಗೂಬೆಯ ಬೂಟಿನ ಲೇಸನ್ನು ಎಳೆದು, ಎರಡು ಗಂಟು ಹಾಕಿ, ಅದು ಬಿಗಿಯಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿದ.

ಗೂಬೆಯೊಳಗಿನ ಹುಡುಗಿಯ ಎದೆ ಆ ಡ್ರಮ್ಮಿಗಿಂತ ಜೋರಾಗಿ ಬಡಿದುಕೊಂಡಿತು.

*

ಇಲ್ಲಿ ಎರಡು ಮಾತು ಹೇಳಲೇಬೇಕು.

ಶಾಲೆ ಕಟ್ಟಿಸಿದ ಪುಣ್ಯಾತ್ಮರಿಗೆ ಗೂಬೆ ಎಂದರೆ ಜ್ಞಾನ. ಅದಕ್ಕೇ ಶಾಲೆಯ ಲಾಂಛನದಲ್ಲಿ ಗೂಬೆಯನ್ನು ಕೂರಿಸಿದರು. ಜನ ಯಾರನ್ನು ಗೂಬೆ ಎನ್ನುತ್ತಾರೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಈಗಂತೂ ಎದುರು ಶಾಲೆಯವರು "ಗೂಬೆಗಳಾ!" ಎಂದು ಕೂಗಿದರೆ ನಮ್ಮವರು ಎದೆಯುಬ್ಬಿಸಿ "ಹೌದು!" ಎಂದು ಕೂಗುತ್ತಾರೆ. ಬೈದವರೇ ಸುಸ್ತು!

ಪಂದ್ಯದ ದಿನ ಕುಣಿಯುವ ಗೂಬೆಯ ವೇಷವನ್ನು ಹೊಲಿಗೆ ಟೀಚರ್ ಹಳೆಯ ನಾಟಕದ ಪರದೆಯಿಂದ ಹೊಲಿದಿದ್ದರು. ಬಟ್ಟೆ ಸಾಲದೆ ವೇಷ ಗಿಡ್ಡವಾಯಿತು. ಗಿಡ್ಡ ವೇಷಕ್ಕೆ ಗಿಡ್ಡ ಮೈ ಬೇಕಾಯಿತು. ಕೊನೆಯ ವರ್ಷದ ಹುಡುಗಿಯರಲ್ಲಿ ಎಲ್ಲರಿಗಿಂತ ಗಿಡ್ಡ ಯಾರು? ಎಲ್ಲರೂ ಗುಬ್ಬಿ ಎಂದೇ ಕರೆಯುವ ನಮ್ಮ ನಾಯಕಿ!

ಗುಬ್ಬಿಗೆ ಮೈ ಎಷ್ಟು ಚಿಕ್ಕದೋ ಬಾಯಿ ಅಷ್ಟೇ ದೊಡ್ಡದು. ಯಾವ ಟೀಚರ್ ಹೇಗೆ ಕೆಮ್ಮುತ್ತಾರೆ, ಜವಾನ ಹೇಗೆ ಗಂಟೆ ಹೊಡೆದು ಆಕಳಿಸುತ್ತಾನೆ, ಎಲ್ಲವನ್ನೂ ಆಡಿ ತೋರಿಸುತ್ತಿದ್ದಳು. ಎದುರಿನವರ ವಾಕ್ಯ ಮುಗಿಯುವವರೆಗೆ ಕಾಯುವುದು ಅವಳ ಜಾತಕದಲ್ಲೇ ಇರಲಿಲ್ಲ.

ಅಂಥವಳಿಗೆ ಟೀಚರ್ ಹಾಕಿದ ಶರತ್ತು ಕೇಳಿ. ಗೂಬೆ ಮಾತಾಡಬಾರದು! ಒಳಗೆ ಯಾರಿದ್ದಾರೆಂದು ಯಾರಿಗೂ ಗೊತ್ತಾಗಬಾರದು; ಗೊತ್ತಾಗಿ ಸುದ್ದಿಯಾದರೆ ವೇಷ ಬೇರೆಯವರಿಗೆ. ಎಂಟು ಶನಿವಾರ, ಎಂಟು ಪಂದ್ಯ. ಎಂಟನೆಯ ದಿನ ಮಾತ್ರ ಇಡೀ ಶಾಲೆಯ ಮುಂದೆ ಗೂಬೆಯ ತಲೆ ತೆಗೆಯುವುದು. 'ಓಹೋ, ಇವಳಾ!' ಎಂದು ಎಲ್ಲರೂ ಚಪ್ಪಾಳೆ ತಟ್ಟುವುದು. ಅದೇ ಪದ್ಧತಿ.

ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಒಂದು ಟೀಚರ್‌ಗೆ. ಇನ್ನೊಂದು, ವೇಷದ ಬೆನ್ನಿನ ಜಿಪ್ ಎಳೆಯುವ ಗುಬ್ಬಿಯ ತಂಗಿಗೆ. ತಂಗಿ ಎರಡು ವರ್ಷ ಚಿಕ್ಕವಳು, ಅದೇ ಶಾಲೆ, ಎತ್ತರದಲ್ಲಿ ಅಕ್ಕನಿಗೆ ಸರಿಸಮ.

ಇನ್ನು ಲೇಸು ಕಟ್ಟಿದ ಆ ಮಹಾಶಯ... ಬ್ಯಾಂಡಿನ ದೊಡ್ಡ ಡ್ರಮ್ಮು ಅವನದು. ಅದಕ್ಕೇ ನಗಾರಿ ಎಂಬ ಅಡ್ಡಹೆಸರು. ಕೈಯಲ್ಲಿ ಗುಡುಗು, ಬಾಯಲ್ಲಿ ಮೌನ.

*

ಸೋಮವಾರ ಬೆಳಿಗ್ಗೆ ಗುಬ್ಬಿ ಹಿಂದೆ ತಿರುಗಿ ಕೂತಳು.

"ಏನೋ ನಗಾರಿ, ಶನಿವಾರ ಬ್ಯಾಂಡ್ ಮೇಷ್ಟ್ರ ಹತ್ತಿರ ಚೆನ್ನಾಗಿ ಬೈಸ್ಕೊಂಡ್ಯಂತೆ?"

"ಅದು... ಗುಬ್ಬಿ, ನಾನು..."

"ಗೊತ್ತು ಬಿಡು!" ಅವಳು ಮೇಷ್ಟ್ರ ಹಾಗೆ ಗಲ್ಲ ಉಬ್ಬಿಸಿ, ಇಲ್ಲದ ಮೀಸೆ ತಿರುವಿದಳು. "'ಏನಯ್ಯಾ! ಅಭ್ಯಾಸದಲ್ಲಿ ಗಡಿಯಾರದ ಹಾಗೆ ಬಾರಿಸ್ತೀಯ. ಪಂದ್ಯದ ದಿನ ಯಾವ ರೈಲು ಹಿಡಿಯೋ ಅವಸರ ನಿನಗೆ?'"

ತರಗತಿ ಬಿದ್ದು ಬಿದ್ದು ನಕ್ಕಿತು. ನಗಾರಿಯೂ ತಲೆ ತಗ್ಗಿಸಿ ನಕ್ಕ.

ಆಗಿದ್ದು ಇಷ್ಟೆ. ಢಂ, ಢಂ, ಢಂ ಎಂದು ಮೂರು ಪೆಟ್ಟು, ಒಂದು ಉಸಿರು ಬಿಡುವಷ್ಟು ಬಿಡುವು, ಆಮೇಲೆ ನಾಲ್ಕನೆಯ 'ಢಂ'. ಆ ನಾಲ್ಕನೆಯದಕ್ಕೆ ಸರಿಯಾಗಿ ಗೂಬೆ ಹಾರಬೇಕು, ಇಡೀ ಶಾಲೆ "ಗೂ!" ಎನ್ನಬೇಕು. ನಗಾರಿ ಶನಿವಾರ ನಾಲ್ಕನೆಯ ಪೆಟ್ಟನ್ನು ಅವಸರವಸರವಾಗಿ ಬಾರಿಸಿಬಿಟ್ಟಿದ್ದ. ಪ್ರತಿ ಸಲವೂ!

ಗುಬ್ಬಿಗೆ ಕೇಳಬೇಕಾಗಿದ್ದು ಅದಲ್ಲ. ಗಂಟಲು ಸರಿಮಾಡಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಈ ಸಲದ ಗೂಬೆ ಹೇಗಿದೆಯೋ?"

ಅವನ ಮುಖ ಅರಳಿತು ನೋಡಿ... ಮೋಡದ ಹಿಂದಿನ ಬಿಸಿಲು ತಟ್ಟನೆ ಅಂಗಳಕ್ಕೆ ಬಿದ್ದ ಹಾಗೆ!

"ಸೂಪರ್! ಅಂಥ ಗೂಬೆ ಈ ಶಾಲೆಗೆ ಬಂದೇ ಇರಲಿಲ್ಲ. ಎಷ್ಟು ಜೀವ ಇದೆ ಅದರಲ್ಲಿ!"

ಗುಬ್ಬಿಗೆ ಒಳಗೊಳಗೇ ಕಚಗುಳಿ ಇಟ್ಟಂತಾಯಿತು. ಮರುಕ್ಷಣವೇ ಎಲ್ಲೋ ಒಂದು ಮುಳ್ಳು ಚುಚ್ಚಿತು.

'ಮೂರು ವರ್ಷದಿಂದ ಇವನ ಮುಂದಿನ ಬೆಂಚಲ್ಲಿ ಕೂತಿದ್ದೀನಿ. ನನ್ನ ನೋಡಿ ಈ ಮುಖ ಒಂದು ದಿನವಾದ್ರೂ ಹೀಗೆ ಅರಳಿದೆಯಾ?'

*

ಎರಡನೆಯ ಶನಿವಾರ ಲೇಸು ಬಿಚ್ಚಿಕೊಂಡದ್ದು ತಾನಾಗಿಯೇ. ಮೂರನೆಯ ಶನಿವಾರ... ಸ್ವಲ್ಪ ಸಡಿಲವಾಗಿ ಕಟ್ಟಿದ್ದಳು, ಅಷ್ಟೇ. ನಾಲ್ಕನೆಯ ಶನಿವಾರ ಕಟ್ಟಿರಲೇ ಇಲ್ಲ!

ಪ್ರತಿ ವಾರ ವಿರಾಮದ ಹೊತ್ತಿಗೆ ಗೂಬೆ ಕುಪ್ಪಳಿಸುತ್ತಾ ಡ್ರಮ್ಮಿನ ಹತ್ತಿರ ಹೋಗಿ ಕಾಲು ಮುಂದೆ ಮಾಡುತ್ತಿತ್ತು. ನಗಾರಿ ಕೋಲು ಕೆಳಗಿಟ್ಟು ಮಂಡಿಯೂರುತ್ತಿದ್ದ. ಲೇಸು ಕಟ್ಟುತ್ತಾ, ಕೊಕ್ಕಿನ ಸಂದಿಯಿಂದ ಸ್ಟ್ರಾ ತೂರಿಸಿ ನೀರು ಕುಡಿಸುತ್ತಾ ಮಾತಾಡುತ್ತಿದ್ದ. ಆ ಮೂಗ ಎಷ್ಟು ಮಾತಾಡುತ್ತಿದ್ದ ಅಂತೀರಿ!

ಲಾರಿ ಓಡಿಸುವ ಅಪ್ಪ ವಾರಕ್ಕೊಮ್ಮೆ ಮನೆಗೆ ಬರುವುದು, ಬಂದಾಗ ಮನೆಯೆಲ್ಲ ಡೀಸೆಲ್ ವಾಸನೆ, ಆ ವಾಸನೆ ಹೋದ ದಿನ ಮನೆ ಖಾಲಿಯೆನ್ನಿಸುವುದು... ಪರೀಕ್ಷೆಯ ಹಿಂದಿನ ದಿನ ಬರುವ ಹೊಟ್ಟೆನೋವು... ಡ್ರಮ್ಮು ಕಲಿತದ್ದು ಅಮ್ಮನ ಪಾತ್ರೆಗಳ ಮೇಲೆ ಎಂಬುದು...

"ನಿನ್ನ ಹತ್ತಿರ ಮಾತಾಡಿದ್ರೆ ಹಗುರ ಆಗುತ್ತೆ ಕಣೇ," ಎಂದ ಒಂದು ದಿನ. "ವಾರ ಪೂರ್ತಿ ಶನಿವಾರಕ್ಕೆ ಕಾಯ್ತೀನಿ, ಗೊತ್ತಾ?"

ಗೂಬೆ ರೆಕ್ಕೆಯನ್ನು ಅವನ ತಲೆಯ ಮೇಲಿಟ್ಟಿತು. ಒಳಗೆ ಗುಬ್ಬಿಯ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಕೈ ರೆಕ್ಕೆಯಲ್ಲಿ ಸಿಕ್ಕಿಕೊಂಡಿತ್ತು!

'ವಾರ ಪೂರ್ತಿ ಶನಿವಾರಕ್ಕೆ ಕಾಯ್ತಾನಂತೆ. ಹಾಗಾದ್ರೆ ಸೋಮವಾರದಿಂದ ಶುಕ್ರವಾರದವರೆಗೆ ಮುಂದೆ ಕೂತಿರೋಳು ಯಾರು? ಕಲ್ಲಾ, ಮರಾನಾ?'

ಮುಂದಿನ ಸೋಮವಾರ ಅವಳು ಬೇಕೆಂದೇ ಕೆಣಕಿದಳು.

"ಆ ಗೂಬೆ ಮಹಾ ಸೋಮಾರಿ ಕಣೋ. ಹತ್ತಿರ ಹೋದ್ರೆ ವಾಸನೆ ಬೇರೆ ಅಂತೆ!"

ನಗಾರಿ ಪುಸ್ತಕದಿಂದ ತಲೆಯೆತ್ತಿದ. ತುಟಿಯ ಮೂಲೆಯಲ್ಲಿ ಏನೋ ಅಲುಗಿತು.

"ಗುಬ್ಬಿ, ನನ್ನನ್ನ ಏನು ಬೇಕಾದ್ರೂ ಅನ್ನು. ಗೂಬೆ ಬಗ್ಗೆ ಒಂದು ಮಾತು ಆಡಬೇಡ."

"ಓಹೋ! ಅಷ್ಟೊಂದಾ? ಒಳಗೆ ಯಾರಿದ್ದಾರೋ ಏನೋ..."

"ಯಾರೇ ಇರಲಿ. ನಾನು..."

"ಯಾರೇ ಇರಲಿ ಅಂತೆ!" ಗುಬ್ಬಿ ಧಡಕ್ಕನೆ ಮುಂದೆ ತಿರುಗಿದಳು. ಅವನ ವಾಕ್ಯ ಬೆಂಚಿನ ಮೇಲೆ ಅರ್ಧಕ್ಕೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

*

ಗುಬ್ಬಿಯ ಮನೆಯವರದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಶಾಲೆಯ ಬ್ಯಾಂಡಿನ ಕೋಟುಗಳು, ಗೂಬೆಯ ವೇಷ, ಎಲ್ಲ ಅಲ್ಲಿಗೇ ಬರುವುದು. ಭಾನುವಾರ ಬಂತೆಂದರೆ ಮನೆಮಂದಿಗೆಲ್ಲ ಕೆಲಸ. ಅಪ್ಪ ಯಂತ್ರದ ಹತ್ತಿರ, ಅಮ್ಮ ಇಸ್ತ್ರಿ ಮೇಜಿನ ಹತ್ತಿರ, ಹುಡುಗಿಯರು ಹಿಂದಿನ ಕೋಣೆಯಲ್ಲಿ.

ಆರನೆಯ ಪಂದ್ಯದ ಮರುದಿನ ಗುಬ್ಬಿ ಗೂಬೆಯ ತಲೆಯನ್ನು ಫ್ಯಾನಿನ ಮುಂದಿಟ್ಟು ಅದರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನಿದೆ ನಿನ್ನಲ್ಲಿ? ಹ್ಞಾಂ? ಎಡಗಣ್ಣು ಗುಂಡಿ, ಬಲಗಣ್ಣು ಬಾಟಲಿ ಮುಚ್ಚಳ! ಮೂಗು ಅಂತೂ ದೇವರಿಗೇ ಪ್ರೀತಿ!"

"ಅಮ್ಮಾ," ತಂಗಿ ಕೂಗಿದಳು, "ಅಕ್ಕ ಗೂಬೆ ಜೊತೆ ಜಗಳ ಆಡ್ತಿದ್ದಾಳೆ!"

"ಗೆದ್ದೋರು ಬಂದು ಈ ಬೆಡ್‌ಶೀಟ್ ಮಡಚ್ಲಿ!" ಒಳಗಿನಿಂದ ಅಮ್ಮನ ದನಿ.

ಅಷ್ಟರಲ್ಲಿ ಕೌಂಟರಿನ ಗಂಟೆ ಬಾರಿಸಿತು. ಗುಬ್ಬಿ ಬಂದು ನೋಡಿದರೆ... ನಗಾರಿ! ಎರಡೂ ಕೈತುಂಬಾ ಬ್ಯಾಂಡಿನ ಕೋಟುಗಳು.

ಚೀಟಿ ಬರೆಸಿಕೊಂಡ ಮೇಲೂ ಅವನು ಹೋಗಲಿಲ್ಲ. ಜೇಬಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದು ಕೌಂಟರಿನ ಮೇಲಿಟ್ಟ. ಒಳಗೆ ಕಿತ್ತಳೆ ಬಣ್ಣದ ಹೊಸ ಬೂಟುಲೇಸು.

"ಗೂಬೆ ಬಟ್ಟೆ ಇಲ್ಲಿಗೇ ಬರುತ್ತಲ್ಲ... ಅದರ ಬೂಟಿಗೆ ಇದನ್ನ ಹಾಕ್ತೀಯಾ? ಹಳೇದು ತುಂಬಾ ಸವೆದಿದೆ. ಬಿದ್ದುಗಿದ್ದರೆ ಕಷ್ಟ."

ಗುಬ್ಬಿ ಲೇಸು ನೋಡಿದಳು. ಅವನನ್ನು ನೋಡಿದಳು. ತನ್ನ ಕಾಲಿನ ಹರಿದ ಚಪ್ಪಲಿ ನೋಡಿದಳು.

'ಅವಳಿಗೆ ಲೇಸು. ತಲುಪಿಸೋಕೆ ನಾನು. ನನ್ನ ಸವತಿಗೆ ನಾನೇ ಅಂಚೆಯವಳು!'

"ಇಟ್ಟು ಹೋಗು," ಎಂದಳು. ದನಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಗಿತ್ತು.

"ಗುಬ್ಬಿ, ಇನ್ನೊಂದು ಮಾತು. ನಾನು..."

"ಬುಧವಾರ ಸಿಗುತ್ತೆ ಕೋಟು. ಚೀಟಿ ಕಳೀಬೇಡ. ಹೋಗು!"

ಅವನು ಹೋದ ಮೇಲೆ ಅವಳು ತುಂಬಾ ಹೊತ್ತು ಲೇಸನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಇನ್ನು ಎರಡೇ ಶನಿವಾರ. ಎಂಟನೆಯ ದಿನ ತಲೆ ತೆಗೆಯಬೇಕು. ಅವನು ಮಂಡಿಯೂರಿ ಮಾತಾಡಿದ್ದೆಲ್ಲ ಕೇಳಿಸಿಕೊಂಡವಳು ಈ ಗುಬ್ಬಿ ಎಂದು ಗೊತ್ತಾದಾಗ ಆ ಅರಳಿದ ಮುಖ ಏನಾಗುತ್ತದೆ?

ಬಾಡಿಬಿಟ್ಟರೆ? ಇಡೀ ಶಾಲೆಯ ಮುಂದೆ?

"ಅಕ್ಕಾ... ಅಳ್ತಿದ್ದೀಯಾ?"

"ಸೋಪಿನ ಪುಡಿ ಬಿತ್ತು ಕಣ್ಣಿಗೆ," ಎಂದವಳು ತಂಗಿಯ ಕೈ ಹಿಡಿದಳು. "ಲೇ, ಬರೋ ಶನಿವಾರ ನೀನು ಗೂಬೆ ಆಗು. ನಾನು ಮೆಟ್ಟಿಲ ಮೇಲೆ ಕೂತು ನೋಡ್ತೀನಿ. ಅವನಿಗೆ ಇಷ್ಟ ಒಳಗಿರೋ ಜೀವಾನಾ, ಹೊರಗಿರೋ ಪರದೇನಾ... ನನಗೆ ಗೊತ್ತಾಗಲೇಬೇಕು."

*

ಏಳನೆಯ ಶನಿವಾರ.

ಗುಬ್ಬಿ ಮೊದಲ ಸಲ ಗೂಬೆಯನ್ನು ಹೊರಗಿನಿಂದ ನೋಡಿದಳು. ತಂಗಿ ಅಚ್ಚುಕಟ್ಟಾಗಿ ಕುಣಿದಳು. ಢಂ, ಢಂ, ಢಂ, ಬಿಡುವು... ಢಂ! ಪೆಟ್ಟಿಗೆ ಸರಿಯಾಗಿ ಹಾರಿದಳು. ಬ್ಯಾಂಡ್ ಮೇಷ್ಟ್ರು ಎಂದೂ ಇಲ್ಲದವರು ನಗಾರಿಯ ಬೆನ್ನು ತಟ್ಟಿದರು. "ಶಹಬ್ಬಾಸ್! ಏಳು ವಾರದಲ್ಲಿ ಇವತ್ತು ಸರಿಯಾಗಿ ಬಾರಿಸಿದೆ ನೋಡು!"

ವಿರಾಮ ಬಂತು. ಗೂಬೆ ಡ್ರಮ್ಮಿನ ಹತ್ತಿರ ಹೋಗಿ ಕಾಲು ಚಾಚಿತು. ಕಿತ್ತಳೆ ಲೇಸು ಬಿಚ್ಚಿಕೊಂಡಿತ್ತು.

ನಗಾರಿ ಒಂದು ಕ್ಷಣ ತಡೆದ. ಗೂಬೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ತಿರುಗಿ ಮೆಟ್ಟಿಲುಗಳತ್ತ ಕಣ್ಣು ಹಾಯಿಸಿದ. ಗುಬ್ಬಿ ಥಟ್ಟನೆ ಮುಂದಿನವಳ ಜಡೆಯ ಹಿಂದೆ ಅವಿತಳು.

'ಬೇಡ ಕಣೋ... ಕಟ್ಟಬೇಡ. ಅದು ನಾನಲ್ಲ. ನಿನಗೆ ಗೊತ್ತಾಗಬೇಕು, ಅದು ನಾನಲ್ಲ...'

ಅವನು ಮಂಡಿಯೂರಿದ. ಲೇಸು ಕಟ್ಟಿದ. ನೀರು ಕುಡಿಸಿದ. ಅಷ್ಟೇ ಸಾಲದೆಂದು ಗೂಬೆಯ ಕಿವಿಗೆ ಬಾಯಿಟ್ಟು ಎಂದಿಗಿಂತ ಹೆಚ್ಚು ಹೊತ್ತು ಪಿಸುಗುಟ್ಟಿದ. ಗೂಬೆ ಕುಲುಕುಲು ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಿತು!

ಗುಬ್ಬಿಗೆ ಎದೆಯೊಳಗೆ ಬೆಂಕಿ ಬಿದ್ದಂತಾಯಿತು.

ಮನೆಗೆ ಹೋಗುವ ದಾರಿಯಲ್ಲಿ ತಂಗಿಯನ್ನು ಅಡ್ಡಗಟ್ಟಿದಳು.

"ಏನಂದ ಕಿವಿಯಲ್ಲಿ?"

"ಗೂಬೆ ಮಾತಾಡಬಾರದಕ್ಕ," ತಂಗಿ ತುಟಿಯ ಮೇಲೆ ಬೆರಳಿಟ್ಟು ಕಿಸಕ್ಕನೆ ನಕ್ಕಳು. "ನೀನೇ ತಾನೇ ಹೇಳಿಕೊಟ್ಟಿದ್ದು?"

"ನಗ್ತೀಯಾ? ನಿನಗೂ ಅವನು ಅಷ್ಟು ಹಿಡಿಸಿಬಿಟ್ನಾ?"

"ಅಯ್ಯೋ ಅಕ್ಕಾ! ಅಣ್ಣ ಅಂತೀನಿ ನಾನು ಅವನನ್ನ!"

"ಏನಾದ್ರೂ ಅನ್ನು. ಹಾಳಾಗಿ ಹೋಗು."

ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು. ಭಾನುವಾರವಿಡೀ ಒಂದು ಮಾತಿಲ್ಲ. ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುವಾಗಲೂ ಗುಬ್ಬಿ ಗೋಡೆಯ ಕಡೆಗೇ ನೋಡುತ್ತಿದ್ದಳು.

ಸೋಮವಾರ ನಗಾರಿ ತಾನಾಗಿಯೇ ಮುಂದೆ ಬಗ್ಗಿದ.

"ಗುಬ್ಬಿ... ಶನಿವಾರ ನೀನು..."

"ನಾನು ಏನು? ನನ್ನ ಹತ್ತಿರ ಏನಿದೆ ನಿನಗೆ ಮಾತು? ಇದ್ರೆ ಹೋಗಿ ನಿನ್ನ ಗೂಬೆಗೆ ಹೇಳ್ಕೊ!"

ಅವನು ಹಿಂದೆ ಸರಿದು ಬೆಂಚಿಗೆ ಒರಗಿದ.

"ಸರಿ," ಎಂದ ಮೆಲ್ಲಗೆ. "ಗೂಬೆಗೇ ಹೇಳ್ತೀನಿ."

ಆ ಮಾತು ಅವಳನ್ನು ವಾರವಿಡೀ ಸುಟ್ಟಿತು. ಶುಕ್ರವಾರ ಸಂಜೆ ವೇಷದ ಚೀಲವನ್ನು ತಂಗಿಯ ಕಡೆಗೆ ನೂಕಿದಳು.

"ಕೊನೇ ಪಂದ್ಯಕ್ಕೂ ನೀನೇ ಹಾಕ್ಕೊ. ನೀನೇ ತಲೆ ತೆಗಿ. ಚಪ್ಪಾಳೆ, ಅವನು, ಎಲ್ಲ ನೀನೇ ಇಟ್ಕೊ."

"ಆಯ್ತಕ್ಕ!" ತಂಗಿ ಒಂದು ಮಾತಿಗೂ ಕಾಯದೆ ಚೀಲ ಎತ್ತಿಕೊಂಡು ಓಡಿದಳು. ಒಂದು ಸಲವಾದರೂ 'ಬೇಡಕ್ಕ' ಎನ್ನಬಾರದಿತ್ತೇ?

ದಿಂಬಿನಲ್ಲಿ ಮುಖ ಹುದುಗಿಸಿದ ಗುಬ್ಬಿಗೆ ಅಂದು ಸೋಪಿನ ಪುಡಿಯ ನೆಪವೂ ಸಿಗಲಿಲ್ಲ.

*

ಎಂಟನೆಯ ಶನಿವಾರ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ.

ಗುಬ್ಬಿ ಎಲ್ಲರಿಗಿಂತ ಮೇಲೆ, ಕಂಬದ ಪಕ್ಕ ಕೂತಳು. ನೋಡಬಾರದೆಂದೇ ಬಂದಿದ್ದಳು. ನೋಡದಿದ್ದರೆ ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಕೇಳಬೇಡಿ. ಹೊಟ್ಟೆಕಿಚ್ಚಿಗೆ ಕಣ್ಣಿದೆ, ಬುದ್ಧಿಯಿಲ್ಲ.

ವಿರಾಮವಾಯಿತು. ಗೂಬೆ ಮೈದಾನಕ್ಕೆ ಬಂತು. ವೇಷದ ಅಂಚಿಗೆ ಕೆಂಪು ಬಟ್ಟೆಯ ಹೊಸ ಪಟ್ಟಿ ಹೊಲಿದಿದ್ದರು. ಕೊನೆಯ ದಿನವೆಂದು ಸಿಂಗಾರವೇನೋ! ಆದರೂ ಗೂಬೆ ಯಾಕೋ ಮೊಣಕಾಲು ಬಗ್ಗಿಸಿಕೊಂಡು ನಡೆಯುತ್ತಿತ್ತು.

ಡ್ರಮ್ಮಿನ ಹಿಂದೆ ಬ್ಯಾಂಡ್ ಮೇಷ್ಟ್ರೇ ನಿಂತಿದ್ದರು. ನಗಾರಿ ಎಲ್ಲೂ ಕಾಣಲಿಲ್ಲ.

'ಎಲ್ಲಿ ಹೋದ? ಓ... ತಲೆ ತೆಗೆದಾಗ ಎದುರಿಗೇ ನಿಂತು ನೋಡೋಕೆ ಜಾಗ ಹುಡುಕ್ತಿರಬೇಕು!'

ಢಂ, ಢಂ, ಢಂ...

ನಾಲ್ಕನೆಯ ಪೆಟ್ಟು ಬೀಳುವ ಮೊದಲೇ ಗೂಬೆ ಹಾರಿಬಿಟ್ಟಿತು! ಜನ "ಗೂ!" ಎನ್ನುವುದೋ ಬೇಡವೋ ತಿಳಿಯದೆ ನಕ್ಕರು. ಮತ್ತೆ ಢಂ, ಢಂ, ಢಂ... ಮತ್ತೆ ಅವಸರದ ನೆಗೆತ! ಮೇಷ್ಟ್ರು ಕೋಲು ಬೀಸಿ ಏನೋ ಕೂಗಿದರು. ಗೂಬೆ ಸೊಂಟಕ್ಕೆ ರೆಕ್ಕೆಯಿಟ್ಟು, ತಲೆಯನ್ನು ಬಲಕ್ಕೆ ಕೊಂಕಿಸಿ, ಅವರ ಮಾತು ಮುಗಿಯುವ ಮೊದಲೇ ರೆಕ್ಕೆಯಾಡಿಸಿ ಬಾಯಿ ಮುಚ್ಚಿಸಿತು. ಇಲ್ಲದ ಮೀಸೆ ತಿರುವಿತು. ಆಟಗಾರನೊಬ್ಬನಿಗೆ ಬೆರಳೆತ್ತಿ ಬುದ್ಧಿ ಹೇಳಿತು.

"ಏ, ಇದು ನಮ್ಮ ಗುಬ್ಬಿ ಆಡೋ ಹಾಗೇ ಇದೆ ಅಲ್ವೇನೇ?"

"ಅಯ್ಯೋ, ಥೇಟ್ ಗುಬ್ಬೀನೇ!"

ಇಡೀ ತರಗತಿ ಹಿಂದೆ ತಿರುಗಿ ಅವಳನ್ನು ನೋಡಿ ನಗತೊಡಗಿತು. ಗುಬ್ಬಿಯ ಕಿವಿ ಕೆಂಪಾಯಿತು. ಎಲ್ಲರನ್ನೂ ಆಡಿ ತೋರಿಸುವವಳನ್ನು ಇವತ್ತು ಯಾರೋ ಆಡಿ ತೋರಿಸುತ್ತಿದ್ದಾರೆ. ಯಾರೋ ಏನು, ಒಡಹುಟ್ಟಿದವಳು!

ಗೂಬೆ ಕುಪ್ಪಳಿಸುತ್ತಾ ಮೆಟ್ಟಿಲೇರಿ ಬಂತು. ನೇರ ಅವಳ ಮುಂದೆ ನಿಂತಿತು. ಬಲಗಾಲು ಚಾಚಿತು.

ಕಿತ್ತಳೆ ಲೇಸು ಬಿಚ್ಚಿಕೊಂಡಿತ್ತು.

"ನನ್ನ ಕೈಲಿ ಕಟ್ಟಿಸ್ಕೊಳ್ಳೋಕೆ ಬಂದ್ಯಾ?" ಗುಬ್ಬಿ ಎದ್ದು ನಿಂತಳು. ಕಣ್ಣಲ್ಲಿ ನೀರು, ದನಿಯಲ್ಲಿ ಕಿಡಿ. "ಅವನನ್ನೂ ಕಿತ್ಕೊಂಡೆ. ಈಗ ನನ್ನನ್ನೇ ಆಡ್ಕೊಳ್ತೀಯಾ? ತೆಗಿ ತಲೆ! ಮನೆಗೆ ಬಾ, ನಿನಗಿದೆ!"

ಎರಡೂ ಕಿವಿ ಹಿಡಿದು ಒಂದೇ ಎಳೆತ! ಗೂಬೆಯ ತಲೆ ಅವಳ ಕೈಗೆ ಬಂತು.

ಒಳಗೆ... ಬೆವರಿನಲ್ಲಿ ತೊಯ್ದ ಕೂದಲು, ಕೆಂಪಗಾದ ಮುಖ, ಮೇಲುಸಿರು.

"ಅಬ್ಬಾ..." ಎಂದ ನಗಾರಿ. "ಇದರೊಳಗೆ ಉಸಿರೇ ಆಡಲ್ಲ ಕಣೇ. ಆರು ವಾರ ಹೇಗಿದ್ದೆ ನೀನು?"

ಕೂತಿದ್ದವರೆಲ್ಲ ಎದ್ದು ನಿಂತರು.

ಗುಬ್ಬಿಯ ಬಾಯಿ ತೆರೆದಿತ್ತು. ಜೀವನದಲ್ಲಿ ಮೊದಲ ಸಲ ಅದರಿಂದ ಮಾತು ಹೊರಡಲಿಲ್ಲ. ಕೆಳಗೆ ಡ್ರಮ್ಮಿನ ಹಿಂದಿನಿಂದ ತಂಗಿ ಕೈ ಬೀಸುತ್ತಿದ್ದಳು. ಪಕ್ಕದಲ್ಲಿ ಹೊಲಿಗೆ ಟೀಚರ್, ಕೈಯಲ್ಲಿ ವೇಷ ಉದ್ದ ಮಾಡಿ ಉಳಿದ ಕೆಂಪು ಬಟ್ಟೆ!

"ಕೊನೇ ದಿನ ತಲೆ ತೆಗೆಯಬೇಕಾದದ್ದು ಗೂಬೆ," ನಗಾರಿ ಎಲ್ಲರಿಗೂ ಕೇಳುವಂತೆ ಹೇಳಿದ. "ಈ ವರ್ಷದ ಗೂಬೆ ಇವಳು. ಅದಕ್ಕೇ ಇವಳ ಕೈಲೇ ತೆಗೆಸಿದೆ!"

"ಓಹೋ, ಇವಳಾ!" ಎಂದು ಶಾಲೆ ಒಂದೇ ದನಿಯಲ್ಲಿ ಕೂಗಿತು. ಆ ಚಪ್ಪಾಳೆಯ ಗದ್ದಲದಲ್ಲಿ ಅವರಿಬ್ಬರ ಮಾತು ಅವರಿಬ್ಬರಿಗೆ ಮಾತ್ರ ಕೇಳಿಸುತ್ತಿತ್ತು.

"ನಿನಗೆ... ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ. ನಾಲ್ಕನೇ ಪೆಟ್ಟಿಗೆ ಯಾವತ್ತೂ ಕಾಯಲ್ಲ ನೀನು. ಮಾತಿನಲ್ಲೂ ಹಾಗೇ, ಕುಣಿತದಲ್ಲೂ ಹಾಗೇ. ನೀನು ತಪ್ಪು ಹಾರಿದೆ ಅಂತ ಯಾರೂ ನಗಬಾರದಲ್ಲ... ಅದಕ್ಕೆ ನಾನೇ ಬೇಗ ಬಾರಿಸಿಬಿಡ್ತಿದ್ದೆ."

ಗುಬ್ಬಿಗೆ ಮೇಷ್ಟ್ರ ಬೈಗುಳ ನೆನಪಾಯಿತು. ಪ್ರತಿ ಸೋಮವಾರ ಅದನ್ನು ಆಡಿ ತೋರಿಸಿ ತಾನು ನಗಿಸಿದ್ದು ನೆನಪಾಯಿತು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿ ಸುದ್ದಿಯಾದ್ರೆ ವೇಷ ಬಿಡಿಸ್ತಾರೆ. ಜೊತೆಗೆ..." ಅವನು ತಡವರಿಸಿ ನಕ್ಕ. "ಐದು ದಿನ ನೀನು ನನಗೆ ಒಂದು ವಾಕ್ಯ ಮುಗಿಸೋಕೆ ಬಿಡಲ್ಲ. ನನ್ನ ಮಾತನ್ನ ನೀನು ಪೂರ್ತಿ ಕೇಳ್ತಿದ್ದಿದ್ದು ಶನಿವಾರ ಮಾತ್ರ."

"ಹೋದ ವಾರ? ತಂಗಿ ಕಿವಿಯಲ್ಲಿ ಅಷ್ಟು ಹೊತ್ತು ಏನಂದೆ?"

"'ತಂಗೀ, ತಾಳ ಸರಿಯಾಗಿದೆ, ಅದಕ್ಕೇ ಸಿಕ್ಕಿಬಿದ್ದೆ. ನಿಮ್ಮಕ್ಕ ಎಲ್ಲಿ ಅವಿತಿದ್ದಾಳೆ? ಮುಂದಿನ ವಾರ ಅವಳಿಗೊಂದು ಆಟ ಕಟ್ಟೋಣ, ಸೇರ್ತೀಯಾ?' ಅಂದೆ."

ಗುಬ್ಬಿ ಏನೋ ಹೇಳಲು ಬಾಯಿ ತೆರೆದಳು.

"ಗುಬ್ಬಿ... ನಾನು..." ಎಂದ ಅವನು. ಎಂದು ಅಲ್ಲೇ ನಿಂತ, ಅಭ್ಯಾಸಬಲದಿಂದ. ಇನ್ನೇನು ಅವಳು ಅಡ್ಡ ಬಾಯಿ ಹಾಕುತ್ತಾಳೆಂದು.

ಗುಬ್ಬಿ ಗೂಬೆಯ ತಲೆಯನ್ನು ಎತ್ತಿ ತನ್ನ ತಲೆಗೆ ಹಾಕಿಕೊಂಡುಬಿಟ್ಟಳು!

ಗೂಬೆ ಮಾತಾಡುವುದಿಲ್ಲ. ಗೂಬೆ ಕೇಳುತ್ತದೆ.

ಜಾಲರಿಯಾಚೆ ಅವನ ಕಣ್ಣು ತುಂಬಿ ಬಂದದ್ದು ಅವಳಿಗೆ ಕಂಡಿತು.

"ನನಗೆ ನೀನು ಇಷ್ಟ. ಶನಿವಾರದವಳೂ ಇಷ್ಟ, ಸೋಮವಾರದವಳೂ ಇಷ್ಟ. ಮೂರು ವರ್ಷದಿಂದ," ಎಂದ. ಪೂರ್ತಿ ವಾಕ್ಯ. ಕೊನೆಯವರೆಗೂ.

ಒಳಗೆ ಗುಬ್ಬಿ ಎಣಿಸಿದಳು. ಒಂದು... ಎರಡು... ಮೂರು... ಒಂದು ಉಸಿರಿನ ಬಿಡುವು...

"ನನಗೂ."

"ಅರೆ!" ನಗಾರಿ ಕಣ್ಣರಳಿಸಿದ. "ಸರಿಯಾಗಿ ತಾಳಕ್ಕೆ ಬಂದೆ!"

ಅವಳು ತಲೆ ತೆಗೆದು ಕೆಳಗಿಟ್ಟು, ತನ್ನ ಕಾಲನ್ನು ಮುಂದೆ ಮಾಡಿದಳು. ಶಾಲೆಯ ಸಾದಾ ಬೂಟು, ಬಿಚ್ಚಿದ ಬಿಳಿ ಲೇಸು.

"ಕಟ್ಟು."

"ಈಗ ನಿನಗೆ ಹೊಟ್ಟೆ ಇಲ್ಲವಲ್ಲ. ನೀನೇ ಬಗ್ಗಬಹುದು."

"ಬಗ್ಗಬಹುದು. ಆದ್ರೂ ನೀನೇ ಕಟ್ಟು."

ಅವನು ಖುಷಿಯಿಂದ ಮಂಡಿಯೂರಿದ. ಆದರೆ ಈಗ ಆ ಗುಡಾಣ ಹೊಟ್ಟೆ ಅವನದಾಗಿತ್ತಲ್ಲ! ಬಗ್ಗಿದರೆ ಕೈ ಲೇಸಿಗೆ ಎಟುಕಲೊಲ್ಲದು. ಇನ್ನಷ್ಟು ಬಗ್ಗಿದ. ಬೆನ್ನಿನ ಜಿಪ್ 'ಪರ್ರ್' ಎಂದಿತು. ಕೆಂಪು ಪಟ್ಟಿ ಕಿತ್ತು ಬಂತು. ತಲೆಯಿಲ್ಲದ ಗೂಬೆ ಉರುಳಿ ಅಂಗಾತ ಬಿದ್ದು, ಎರಡೂ ರೆಕ್ಕೆ ಬಡಿಯತೊಡಗಿತು.

"ಅಕ್ಕಾ, ಗೂಬೆ ಬಿತ್ತು!" ಕೆಳಗಿನಿಂದ ತಂಗಿ ಕಿರುಚಿದಳು.

ಗುಬ್ಬಿ ಅವನ ಪಕ್ಕ ಮಂಡಿಯೂರಿದಳು. ಕಿತ್ತಳೆ ಲೇಸನ್ನು ಎಳೆದು, ಎರಡು ಗಂಟು ಹಾಕಿ, ಬೆರಳಲ್ಲಿ ಒತ್ತಿ ನೋಡಿದಳು.

"ನೋವಾಯ್ತಾ?" ಎಂದಳು ಮೆತ್ತಗೆ, ಥೇಟ್ ಅವನದೇ ದನಿಯಲ್ಲಿ.

ಶಾಲೆಗೆ ಶಾಲೆಯೇ ನಕ್ಕಿತು. ಟೀಚರ್ ನಕ್ಕರು, ತಂಗಿ ನಕ್ಕಳು, ಬ್ಯಾಂಡ್ ಮೇಷ್ಟ್ರು ಕೋಲು ಕೆಳಗಿಟ್ಟು ನಕ್ಕರು. ಆದರೆ ಆ ನಗೆಯ ನಡುವೆ ಎಲ್ಲಕ್ಕಿಂತ ಜೋರಾಗಿ, ಎಲ್ಲರಿಗಿಂತ ಅರ್ಧ ತಾಳ ಮುಂದಾಗಿ ಕೇಳಿಸಿದ ನಗು ಒಂದೇ ಒಂದು...

ಕಣ್ಣೀರು ಒರೆಸಿಕೊಳ್ಳುತ್ತಾ, ಹೊಟ್ಟೆ ಹಿಡಿದುಕೊಂಡು, ಗುಬ್ಬಿ ನಗುತ್ತಿದ್ದಳು!